ಸೊಪ್ಪು ಬಿಟ್ಟ ಟೀಚರಮ್ಮ

ನಮ್ಮ ಪಕ್ಕದ ಮನೆಯ ಟೀಚರಮ್ಮ ತೀರಿಕೊಂಡ ಮೂರನೇ ದಿನ ಹೋಟೆಲಿಗೆ ದಿನದ ಹಾಲು ಹಾಕಲು ಹೋದಾಗ ಹೋಟೆಲಿನವನು ಒಂದು ಮಾತು ಅಂದ.

"ಅಲ್ಲ ಕಣಜ್ಜಿ, ದಿನಾ ನೆಲ್ಲಿಕಾಯಿ ತಿನ್ನಿ, ರಾಗಿ ತಿನ್ನಿ, ಅದು ತಿನ್ನಿ ಇದು ತಿನ್ನಿ ಅಂತ ಊರಿಗೆಲ್ಲ ಪಾಠ ಹೇಳಿದ್ರು. ಎಪ್ಪತ್ತೆರಡಕ್ಕೇ ಹೋದ್ರಲ್ಲ. ನಮ್ಮಪ್ಪ ಬೀಡಿ ಸೇದ್ಕೊಂಡೇ ಎಂಬತ್ತು ದಾಟಿದ್ದ."

ನಾನು ಕ್ಯಾನು ಕೆಳಗಿಟ್ಟೆ. "ದಾಟಿದ್ದ, ಯಾರು ಇಲ್ಲ ಅಂದೋರು. ಆದ್ರೆ ಅದರಲ್ಲಿ ಅರ್ಧ ಆಯಸ್ಸು ಕೆಮ್ಮಿದ್ದು ಬೀದಿಯೋರ ಕಿವೀಲಿ ಇನ್ನೂ ಐತೆ. ಹಾಲು ಅಳ್ಕೊ, ನಂಗೆ ಕೆಲಸ ಐತೆ."

ಅವನ ಬಾಯಿಯೇನೋ ಮುಚ್ಚಿತು. ಆದರೆ ಆ ಕುಹಕ ಅವನೊಬ್ಬನದಲ್ಲ, ನಾಲ್ಕು ಜನ ಆಡಿಕೊಂಡರು. ಶ್ವಾಸಕೋಶಕ್ಕೆ ಸೋಂಕು ಇಳಿದು ಹಾಸನದ ಆಸ್ಪತ್ರೆಯಲ್ಲಿ ಒಂದು ವಾರ ಮಲಗಿ ಹೋದವರನ್ನು ನೆಲ್ಲಿಕಾಯಿ ಯಾಕೆ ಉಳಿಸಲಿಲ್ಲ ಅಂತ ಕೇಳಿದರೆ ನಾನು ಏನು ಹೇಳಲಿ? ಉಳಿಸುತ್ತದೆ ಅಂತ ಅವರು ಯಾವತ್ತೂ ಹೇಳಿರಲಿಲ್ಲ. "ತುಕ್ಕು ಹಿಡಿಯೋದನ್ನ ನಿಧಾನ ಮಾಡಬಹುದು ಅಕ್ಕ, ಕಬ್ಬಿಣವನ್ನ ಚಿನ್ನ ಮಾಡೋಕಾಗಲ್ಲ" ಎಂದು ಎಷ್ಟು ಸಲ ಹೇಳಿದ್ದರೋ. ಜನ ಅರ್ಧ ಕೇಳಿಸಿಕೊಳ್ಳುತ್ತಾರೆ.

ಹೆಸರು ಹಿಡಿದು ಅವರನ್ನು ಕೂಗುತ್ತಿದ್ದವರು ಅವರ ಅಣ್ಣ ಒಬ್ಬರೇ. ನಮಗೆಲ್ಲ ಟೀಚರಮ್ಮ. ಇಲ್ಲೂ ಹಾಗೇ ಇರಲಿ. ಹಳೇಬೀಡಿನಲ್ಲಿ ಬಸದಿಗೆ ಹೋಗುವ ದಾರಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರು ಜೈನರು, ನಾವು ಲಿಂಗಾಯತರು. ಈರುಳ್ಳಿ, ಬೆಳ್ಳುಳ್ಳಿ, ನೆಲದೊಳಗಿನ ಗೆಡ್ಡೆ ಅವರು ಮುಟ್ಟುವುದಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಾರೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಇಷ್ಟು ಬಿಟ್ಟರೆ ಎರಡು ಮನೆಯ ಅಡುಗೆಯೂ ಹೆಚ್ಚುಕಡಿಮೆ ಒಂದೇ.

ಅಣ್ಣನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ದಿನಸಿ ಅಂಗಡಿ. ಅವರ ಹೆಂಡತಿ ಬಹಳ ಹಿಂದೆಯೇ ಹೋದರು, ಮಕ್ಕಳಿರಲಿಲ್ಲ. ಟೀಚರಮ್ಮ ಮದುವೆಯೇ ಆಗಲಿಲ್ಲ. ಯಾಕೆ ಅಂತ ನಾನು ನೆಟ್ಟಗೆ ಕೇಳಿದ್ದೆ. "ಹುಡುಗರು ನನ್ನ ನೋಡೋಕೆ ಬಂದಾಗ ನಾನೂ ಅವರನ್ನ ನೋಡಿಬಿಡ್ತಿದ್ದೆ ಅಕ್ಕ" ಅಂದರು. ಆಮೇಲೆ ನಾನು ಕೇಳಲಿಲ್ಲ.

ಅವರು ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಸೈನ್ಸ್ ಟೀಚರಾಗಿದ್ದರು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುತ್ತದೆ. ಬಸ್ಸು ಜಾವಗಲ್ಲಿನಲ್ಲಿ ಕೆಟ್ಟು ನಿಂತರೆ ಅವತ್ತು ರಾತ್ರಿ ಅವರಿಗೆ ಉಪವಾಸ. ಬುತ್ತಿಯ ಡಬ್ಬಿಯಲ್ಲಿ ಚಪಾತಿ ಇದ್ದರೂ ತೆಗೆಯುತ್ತಿರಲಿಲ್ಲ. ಒಂದು ಸಲ ನಾನೂ ಅದೇ ಬಸ್ಸಿನಲ್ಲಿದ್ದೆ. ಕೆರೆ ಏರಿ ಹತ್ತಿರ ಸೂರ್ಯ ಇನ್ನೇನು ಇಳಿಯುವುದರಲ್ಲಿದ್ದ. ಟೀಚರಮ್ಮ ನಿಂತುಕೊಂಡೇ, ಒಂದು ಕೈಯಲ್ಲಿ ಕಂಬಿ ಹಿಡಿದು, ಕಿಟಕಿಯಾಚೆ ಸೂರ್ಯನನ್ನೇ ನೋಡುತ್ತ ಗಬಗಬ ಚಪಾತಿ ತಿಂದರು. ಕಂಡಕ್ಟರು ನಗುತ್ತ, "ನಿಧಾನ ಮೇಡಂ, ಇನ್ನೊಂದು ಸ್ವಲ್ಪ ಹೊತ್ತು ಇರ್ತಾನೆ ಅವ್ನು" ಅಂದ. ಬಾಯಿ ತುಂಬಿಕೊಂಡಿದ್ದರಿಂದ ಅವರು ಬೆರಳೆತ್ತಿ ಗದರಿಸಿದರು.

ಆ ಬೆರಳುಗಳನ್ನು ನಾನು ಮರೆತಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸೀಮೆಸುಣ್ಣ ಹಿಡಿದವರ ಹಾಗೆಯೇ ಯಾವಾಗಲೂ ಒತ್ತಿಕೊಂಡಿರುತ್ತಿದ್ದವು. ಸಂತೆಯಲ್ಲಿ ಟೊಮೆಟೊ ಆರಿಸುವಾಗಲೂ ಹಾಗೇ, ಬಸದಿಯಲ್ಲಿ ಕೈಮುಗಿದು ಬಿಟ್ಟ ಮೇಲೂ ಹಾಗೇ.

ಪಾಠವನ್ನು ಅವರು ಶಾಲೆಯಲ್ಲೇ ಬಿಟ್ಟು ಬಂದವರಲ್ಲ. ಒಂದು ದಿನ ನಾನು ಹಿತ್ತಲಲ್ಲಿ ಕೂತು ಬದನೆಕಾಯಿ ಹೆಚ್ಚುತ್ತಿದ್ದೆ. ಬಂದವರೇ ಈಳಿಗೆ ಮಣೆ ನೋಡಿ, "ಇದಕ್ಯಾಕೆ ತುಕ್ಕು ಹಿಡಿದಿದೆ?" ಅಂದರು.

"ಸೊಸೆ ಒದ್ದೇಲೇ ಬಿಟ್ಟವ್ಳೆ."

"ಗಾಳಿ ತಾಗ್ತು, ಕಬ್ಬಿಣ ಕೆಡ್ತು. ಹೆಚ್ಚಿದ ಬದನೆಕಾಯಿ ನೋಡಿ, ಗಾಳಿ ತಾಗಿ ಕಪ್ಪಾಗ್ತಿದೆ. ನಮ್ಮ ಮೈಯೊಳಗೂ ಹೀಗೇ ಅಕ್ಕ. ಉಸಿರಾಡ್ತೀವಿ, ಉಂಡದ್ದು ಉರಿಯುತ್ತೆ, ಅದರಿಂದ ಕಿಡಿ ಹಾರಿದ ಹಾಗೆ ಒಂದಿಷ್ಟು ತುಂಟ ಕಣಗಳು ಹುಟ್ಟುತ್ವೆ. ಅವು ಮೈಯನ್ನ ಒಳಗಿಂದ ಸವೆಸುತ್ವೆ. ಅದನ್ನ ತಡೆಯೋದು ಆ್ಯಂಟಿ ಆಕ್ಸಿಡೆಂಟು. ನೆಲ್ಲಿಕಾಯಲ್ಲಿದೆ, ಸೊಪ್ಪಲ್ಲಿದೆ, ನೇರಳೆಹಣ್ಣಲ್ಲಿದೆ, ಅರಿಶಿನದಲ್ಲಿದೆ. ದುಡ್ಡು ಕೊಟ್ಟು ಬಾಟ್ಲಿ ತರಬೇಕಾಗಿಲ್ಲ."

"ಉಸಿರಾಡೋದ್ರಿಂದ್ಲೇ ತೊಂದ್ರೆ ಅಂದ್ರೆ ಉಸಿರಾಡೋದೇ ಬಿಟ್ಬಿಡಣ ಬಿಡಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮಂಥ ಇನ್ನೊಬ್ಬ ಸ್ಟೂಡೆಂಟ್ ಇದ್ದಿದ್ರೆ ನಾನು ಯಾವಾಗಲೋ ರಾಜೀನಾಮೆ ಕೊಡ್ತಿದ್ದೆ."

ಎಲ್ಲರಿಗೂ ಅವರು ಹಿತವಾಗಿದ್ದರು ಅಂದರೆ ಸುಳ್ಳಾಗುತ್ತದೆ. ಇನ್ನೊಬ್ಬರ ಅಡುಗೆಮನೆಗೆ ಹೋಗಿ ಪಾತ್ರೆ ಮುಚ್ಚಳ ತೆಗೆದು ನೋಡುವ ಕೆಟ್ಟ ಚಾಳಿ ಅವರಿಗಿತ್ತು. ನನ್ನ ಸೊಸೆ ಸೊಪ್ಪು ಬೇಯಿಸಿದ ನೀರು ಬಸಿದು ಬಚ್ಚಲಿಗೆ ಚೆಲ್ಲಿದಳು ಅಂತ ಒಂದು ಹೊತ್ತು ಉಪದೇಶ ಮಾಡಿದರು. ಸೊಸೆ ಮುಖ ಊದಿಸಿಕೊಂಡು, "ಅತ್ತೆ, ನಮ್ಮನೇಲಿ ಈಗ ಎಷ್ಟು ಜನ ಅತ್ತೆ?" ಎಂದು ನನ್ನನ್ನೇ ಕೇಳಿದಳು. ಬೇಲೂರಿನ ಒಂದು ಮದುವೆಯಲ್ಲಿ, ಪಲ್ಯ ಹಸಿರಾಗಿ ಕಾಣಲಿ ಅಂತ ಅಡುಗೆಯವನು ಸೋಡ ಹಾಕಿದ್ದನ್ನು ನೋಡಿ ಅಲ್ಲೇ ಜಗಳ ತೆಗೆದರು. ಬಣ್ಣ ಉಳಿಯುತ್ತದೆ, ಸತ್ವ ಹೋಗುತ್ತದೆ ಎಂದು ಅವರು. ಮದುವೆಮನೆಯಲ್ಲಿ ಕಣ್ಣಿಗೇ ಮೊದಲು ಊಟ ಎಂದು ಅವನು. ಹೆಣ್ಣಿನ ತಂದೆ ಬಂದು ಇಬ್ಬರಿಗೂ ಕೈಮುಗಿದ.

ನನಗೂ ಅವರಿಗೂ ಇದ್ದ ಹಳೇ ಜಗಳ ರಾಗಿಯದು. ನಾನು ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವವಳು; ಮುದ್ದೆ ಬೆಣ್ಣೆಯ ಹಾಗೆ ಬರಬೇಕು ನನಗೆ. ಅವರು, ಆ ಕೆಂಪು ಹೊಟ್ಟಿನಲ್ಲೇ ಎಲ್ಲ ಇರೋದು, ನೀವು ಅದನ್ನ ಹಸುವಿಗೆ ಹಾಕಿ ಬರೀ ಹಿಟ್ಟು ನುಂಗುತ್ತೀರಿ ಎನ್ನುತ್ತಿದ್ದರು. "ಅದಕ್ಕೇ ನಮ್ಮ ಹಸ ನನಗಿಂತ ಗಟ್ಟಿಯಾಗೈತೆ" ಅಂದೆ. ಆದರೂ ಅರ್ಧ ಸೋತೆ. ಈಗ ಒಂದು ಸಲ ದಪ್ಪ ಜರಡಿ ಹಿಡಿಯುತ್ತೇನೆ, ಅಷ್ಟೇ. ಮುದ್ದೆ ತುಸು ಒರಟು. ನುಂಗಿದರೆ ಇಳಿಯುತ್ತದೆ.

"ತಟ್ಟೇಲಿ ಎಷ್ಟು ಬಣ್ಣ ಇದೆ ಹೇಳಿ ಅಕ್ಕ" ಎಂದು ಕೇಳುವುದು ಅವರ ಅಭ್ಯಾಸ. ಅವರ ತಟ್ಟೆಯಲ್ಲಿ ಎಲ್ಲಕ್ಕಿಂತ ದೊಡ್ಡ ಭಾಗ ಹಸಿರು. ಸೊಪ್ಪೆಂದರೆ ಅವರಿಗೆ ಪ್ರಾಣ. ಹಿತ್ತಲಲ್ಲಿ ಹೊನಗೊನ್ನೆ, ದಂಟು, ಚಕ್ಕೋತ, ಮೆಂತ್ಯ ಮಡಿ ಮಾಡಿ ಹಾಕಿದ್ದರು. ಮೂಲೆಯಲ್ಲಿ ನುಗ್ಗೆ ಮರ. ಕೈಯಲ್ಲಿ ಎಲೆ ಸೋಸುತ್ತ ಕೂತರೆ ಮಾತು ಕಡಿಮೆಯಾಗುತ್ತಿತ್ತು. ಆ ಹೊತ್ತಿನಲ್ಲಿ ಮಾತ್ರ ಅವರು ಯಾರಿಗೂ ಪಾಠ ಹೇಳುತ್ತಿರಲಿಲ್ಲ.

ಆದರೆ ಮಳೆಗಾಲ ಹಿಡಿದ ಮೇಲೆ ಚಾತುರ್ಮಾಸದ ನಾಲ್ಕು ತಿಂಗಳು ಆ ಮನೆಯಲ್ಲಿ ಸೊಪ್ಪು ಒಲೆ ಏರುವುದಿಲ್ಲ. ಮಳೆಗಾಲದ ಎಲೆಯಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತವೆ, ತಿಂದರೆ ಹಿಂಸೆ. ಅವರ ಧರ್ಮದ ಕಟ್ಟಳೆ. ಆಗ ಸೊಪ್ಪನ್ನೆಲ್ಲ ನಮಗೆ ಕೊಯ್ದು ಕೊಡುತ್ತಿದ್ದರು. ದೀಪಾವಳಿ ಕಳೆದ ಮೇಲೆ ಮತ್ತೆ ಶುರು. ನಾಲ್ಕು ತಿಂಗಳ ಹಸಿವು ತೀರಿಸಿಕೊಳ್ಳುವವರ ಹಾಗೆ ಬೆಳಿಗ್ಗೆ ಒಂದು ಸೊಪ್ಪು, ಮಧ್ಯಾಹ್ನ ಒಂದು ಸೊಪ್ಪು.

ಅವರು ರಿಟೈರಾದ ವರ್ಷ ಅಣ್ಣನಿಗೆ ಎದೆಯ ತೊಂದರೆ ಬಂತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಹೃದಯದ ಒಂದು ಕವಾಟ ತೆಗೆದು ಲೋಹದ್ದು ಕೂರಿಸಿದರು. ಊರಿಗೆ ಬಂದಾಗ ನೋಡಲು ಹೋದೆ. ಮನೆ ನಿಶ್ಶಬ್ದವಾಗಿತ್ತು, ಟಿಕ್ ಟಿಕ್ ಅಂತ ಸಣ್ಣಗೆ ಕೇಳಿಸುತ್ತಿತ್ತು. ನಾನು ಗೋಡೆ ಗಡಿಯಾರ ನೋಡಿದೆ. ಅದು ನಿಂತಿತ್ತು.

ಅಣ್ಣಯ್ಯ ಎದೆ ಮೇಲೆ ಕೈಯಿಟ್ಟು, "ಇಲ್ಲಿ ಕಣಮ್ಮ. ಇನ್ಮೇಲೆ ಅಂಗಡೀಲಿ ಕದ್ದು ನಿದ್ದೆ ಮಾಡೋ ಹಾಗೂ ಇಲ್ಲ, ಎಲ್ಲಿದೀನಿ ಅಂತ ಗಿರಾಕಿಗೆ ಗೊತ್ತಾಗುತ್ತೆ" ಅಂದರು.

ಆ ಲೋಹಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳಬಾರದು. ಅದಕ್ಕೆ ರಕ್ತ ತೆಳುವಾಗಿಡುವ ಮಾತ್ರೆ ಕೊಟ್ಟಿದ್ದರು, ಬದುಕಿರುವ ತನಕ ನುಂಗಬೇಕು. ಹೆಚ್ಚಾದರೆ ರಕ್ತ ನಿಲ್ಲದೆ ಸೋರುತ್ತದೆ, ಕಡಿಮೆಯಾದರೆ ಗಟ್ಟಿಯಾಗುತ್ತದೆ. ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ರಕ್ತ ತೋರಿಸಿ ಅಳತೆ ಸರಿಮಾಡಿಸಿಕೊಂಡು ಬರಬೇಕು. ಆಪರೇಷನ್ ಆದದ್ದು ಆಷಾಢ ಕಳೆಯುವಾಗ. ಡಿಸ್ಚಾರ್ಜ್ ಮಾಡುವಾಗ ಅಲ್ಲಿನ ಡಾಕ್ಟರು, "ಸೊಪ್ಪು ತರಕಾರಿ ಜಾಸ್ತಿ ತಿಂತೀರಾ?" ಎಂದು ಕೇಳಿದ್ದರಂತೆ. "ಸೊಪ್ಪು ತಿನ್ನಲ್ಲ ಸ್ವಾಮಿ" ಅಂದರಂತೆ ಅಣ್ಣಯ್ಯ. ಪಕ್ಕದಲ್ಲಿದ್ದ ಟೀಚರಮ್ಮನೂ ಹೌದೆಂದು ತಲೆಯಾಡಿಸಿದರಂತೆ. ಚಾತುರ್ಮಾಸ ನಡೆಯುತ್ತಿತ್ತು, ತಿನ್ನುತ್ತಿರಲಿಲ್ಲ. ಹೇಳಿದ್ದು ನಿಜವೇ. ಆ ಡಾಕ್ಟರಿಗೆ ಚಾತುರ್ಮಾಸ ಏನು ಗೊತ್ತು? ಸೊಪ್ಪೇ ತಿನ್ನದ ಮನುಷ್ಯ ಅಂತ ಲೆಕ್ಕ ಹಾಕಿ ಮಾತ್ರೆ ನಿಗದಿ ಮಾಡಿದರು.

ಮೂರು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಹಾಸನದಲ್ಲಿ ಪ್ರತಿ ಸಲವೂ ರಕ್ತ ಚೆನ್ನಾಗಿದೆ ಅಂದರು. ದೀಪಾವಳಿ ಬಂತು. ಬಸದಿಯಲ್ಲಿ ಪೂಜೆ ಮುಗಿಸಿ ಬಂದ ಟೀಚರಮ್ಮ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ಇಳಿದರು. ಅಣ್ಣ ಬಡವಾಗಿದ್ದಾರೆ, ಆಪರೇಷನ್ ಆದ ಮೈ, ಒಳಗಿನ ಗಾಯ ಮಾಗಬೇಕು, ತುಕ್ಕು ತಡೆಯಬೇಕು. ದಿನವೂ ಎರಡು ಹೊತ್ತು ಸೊಪ್ಪು. ನುಗ್ಗೆಸೊಪ್ಪಿನ ಪಲ್ಯ, ಹೊನಗೊನ್ನೆ ಸಾರು, ಮೆಂತ್ಯದ ಚಪಾತಿ. ಅಣ್ಣಯ್ಯ ಮಾತಾಡದೆ ತಿನ್ನುತ್ತಿದ್ದರು. ಆ ತಿಂಗಳು ರಕ್ತ ತೋರಿಸಲು ಹೋಗಬೇಕಾಗಿತ್ತು. "ಎಲ್ಲ ಸರಿಯಾಗೇ ಇದೆಯಲ್ಲ, ಮದುವೆ ವ್ಯಾಪಾರ ಮುಗೀಲಿ" ಎಂದು ಅಣ್ಣಯ್ಯ ಮುಂದಕ್ಕೆ ಹಾಕಿದರು.

ಆ ದಿನ ನಾನು ಬೆಲ್ಲಕ್ಕೆ ಅಂಗಡಿಗೆ ಹೋಗಿದ್ದೆ. ಅಣ್ಣಯ್ಯ ತಕ್ಕಡಿಗೆ ಬೆಲ್ಲದ ಅಚ್ಚು ಇಟ್ಟರು. ಇಟ್ಟ ಕೈ ಅಲ್ಲೇ ಉಳಿಯಿತು. ಎತ್ತಲು ನೋಡುತ್ತಾರೆ, ಏಳುವುದಿಲ್ಲ. ನನ್ನ ಕಡೆ ತಿರುಗಿ ಏನೋ ಹೇಳಿದರು, ಮಾತು ಕಲಸಿದ ಅನ್ನದ ಹಾಗೆ ಬಂತು. ಬಾಯಿ ಒಂದು ಕಡೆಗೆ ಎಳೆದಿತ್ತು. ನಾನು ರಸ್ತೆಗೆ ಬಂದು ಮೊದಲು ಕಂಡ ಕಾರಿಗೆ ಅಡ್ಡ ನಿಂತೆ. ದೇವಸ್ಥಾನ ನೋಡಲು ಪ್ರವಾಸಿಗರನ್ನು ಕರೆತಂದಿದ್ದ ಬಾಡಿಗೆ ಕಾರು. ಡ್ರೈವರು, "ಪಾರ್ಟಿ ಒಳಗಡೆ ಹೋಗಿದೆ ಅಜ್ಜಿ" ಅಂದ.

"ಆ ಕಲ್ಲು ಎಲ್ಲಿಗೂ ಹೋಗಲ್ಲ, ನಿಧಾನಕ್ಕೆ ನೋಡ್ಕೊಂಡಿರ್ತಾರೆ. ನೀನು ಹತ್ಸು."

ಹುಡುಗ ಒಳ್ಳೆಯವನು, ಹತ್ತಿಸಿಕೊಂಡ. ದಾರಿಯಲ್ಲಿ ಮನೆ ಮುಂದೆ ನಿಲ್ಲಿಸಿ ಟೀಚರಮ್ಮನನ್ನು ಕೂಗಿದೆ. ಬಂದರು, ಕೈಗೆ ಸೊಪ್ಪಿನ ಹಸಿರು ಮೆತ್ತಿಕೊಂಡಿತ್ತು. ಅಣ್ಣನ ಮುಖ ನೋಡಿ ಪಕ್ಕದಲ್ಲಿ ಕೂತರು. ಹಾಸನದ ತನಕ ಅಣ್ಣನ ಎದೆ ಹತ್ತಿರ ಕಿವಿಯಿಟ್ಟು ಕೂತಿದ್ದರು. ಕಾರಿನ ಸದ್ದಿನಲ್ಲಿ ಏನು ಕೇಳಿಸಿತೋ, ನನಗಂತೂ ಏನೂ ಕೇಳಿಸಲಿಲ್ಲ.

ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮೆದುಳಿಗೆ ರಕ್ತದ ಸಣ್ಣ ಗಡ್ಡೆ ಹೋಗಿ ಸಿಕ್ಕಿದೆ, ಬೇಗ ಕರೆತಂದದ್ದು ಒಳ್ಳೇದಾಯ್ತು ಅಂದರು. ರಕ್ತ ನೋಡಿ, "ಮಾತ್ರೆ ಬಿಟ್ಟಿದ್ರಾ?" ಎಂದರು. ಇಲ್ಲ, ಒಂದು ಹೊತ್ತೂ ತಪ್ಪಿಸಿಲ್ಲ ಅಂದರು ಟೀಚರಮ್ಮ. "ಊಟದಲ್ಲಿ ಏನಾದರೂ ಬದಲಾವಣೆ?"

ಟೀಚರಮ್ಮ ಚಾತುರ್ಮಾಸದಿಂದ ಶುರು ಮಾಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು. ಡಾಕ್ಟರಮ್ಮ ಗದರಲಿಲ್ಲ. ಸೊಪ್ಪಿನಲ್ಲಿರುವ ಕೆ ವಿಟಮಿನ್ ಈ ಮಾತ್ರೆಗೆ ಎದುರಾಳಿ, ಒಂದೇ ಸಲ ಅಷ್ಟು ಸೊಪ್ಪು ತಿಂದರೆ ಮಾತ್ರೆ ನುಂಗಿಯೂ ನುಂಗದ ಹಾಗೆ ಎಂದು ವಿವರಿಸಿದರು.

ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಟೀಚರಮ್ಮ ಅಳಲಿಲ್ಲ. ಬೆರಳುಗಳನ್ನೇ ನೋಡುತ್ತಿದ್ದರು. "ಅಕ್ಕ, ಎ, ಬಿ, ಸಿ, ಡಿ, ಇ, ಕೆ. ಪ್ರತಿ ವರ್ಷ ಬೋರ್ಡ್ ಮೇಲೆ ಬರೀತಿದ್ದೆ. ಕೆ ಮುಂದೆ, ರಕ್ತ ಹೆಪ್ಪುಗಟ್ಟಲು ಬೇಕು, ಅಂತ ಬರೀತಿದ್ದೆ. ಮಕ್ಕಳು ಬರೆಯದಿದ್ರೆ ಅಂಕ ಕಳೀತಿದ್ದೆ."

"ಗೊತ್ತಿದ್ದೂ ಹೆಂಗೆ ಮರೆತ್ರಿ?" ಅಂದೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ.

"ಮರೀಲಿಲ್ಲ. ಸೊಪ್ಪು ಕೆಟ್ಟದ್ದು ಮಾಡುತ್ತೆ ಅಂತ ನನ್ನ ತಲೇಗೇ ಬರಲಿಲ್ಲ."

"ಸೊಪ್ಪು ಏನು ಮಾಡ್ತು ಪಾಪ. ಅದರ ಪಾಡಿಗೆ ಅದಿತ್ತು."

ಅವರು ನನ್ನನ್ನು ನೋಡಿದರು. "ಹೌದು" ಅಂದರು. ಆಮೇಲೆ ನರ್ಸ್ ಬಂದು, ಅಣ್ಣನ ಮಾತು ಮರಳಿತು ಎಂದು ಹೇಳಿದಳು.

ಅಣ್ಣಯ್ಯ ಉಳಿದರು. ಎಡಗೈ ಬೆರಳು ಮಾತ್ರ ಸರಿಯಾಗಿ ಮಡಚಲು ಆಗಲಿಲ್ಲ, ಪೊಟ್ಟಣಕ್ಕೆ ದಾರ ಕಟ್ಟುವುದು ಆಗದು. ಮನೆಗೆ ಕಳಿಸುವ ಮೊದಲು ಡಾಕ್ಟರಮ್ಮ ಹೇಳಿದ್ದು ಇಷ್ಟು: ಸೊಪ್ಪು ತಿನ್ನಬಾರದು ಅಂತ ಏನಿಲ್ಲ, ಆದರೆ ವರ್ಷವಿಡೀ ಒಂದೇ ಅಳತೆ ಇರಬೇಕು. ನಾಲ್ಕು ತಿಂಗಳು ಬಿಡೋದು, ಎಂಟು ತಿಂಗಳು ತಿನ್ನೋದು ಆಗಲ್ಲ. ತಿನ್ನೋದಾದರೆ ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪ, ಬಿಡೋದಾದರೆ ಹನ್ನೆರಡು ತಿಂಗಳೂ ಬಿಡಿ, ಅದಕ್ಕೆ ತಕ್ಕಂತೆ ಮಾತ್ರೆ ಕೊಡ್ತೀನಿ.

ಮಳೆಗಾಲದಲ್ಲಿ ತಿನ್ನುವುದು ಕಟ್ಟಳೆಗೆ ಆಗದು. "ಬಿಡ್ತೀನಿ" ಅಂದರು ಅಣ್ಣಯ್ಯ, ತಡಮಾಡದೆ.

"ನಾನೂ ಬಿಡ್ತೀನಿ" ಅಂದರು ಟೀಚರಮ್ಮ.

ನಾನು ಊರಿಗೆ ಬಂದ ಮೇಲೆ ಜಗಳಕ್ಕೆ ನಿಂತೆ. "ನಿಮ್ಗೇನು ಎದೇಲಿ ಗಡಿಯಾರ ಇಟ್ಟವ್ರಾ? ನೀವ್ಯಾಕೆ ಬಿಡ್ತೀರಿ?"

"ಇರೋದು ಒಂದು ಒಲೆ ಅಕ್ಕ, ಎರಡು ತಟ್ಟೆ. ಕೈತಪ್ಪಿ ಅವನ ತಟ್ಟೆಗೆ ಬೀಳೋದು ಬೇಡ."

ಅದು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಎರಡು ಪಾತ್ರೆ ಇಡುವುದು ಏನು ದೊಡ್ಡ ಕೆಲಸ? ನಮ್ಮ ಮನೆಯಲ್ಲೇ ಬಂದು ತಿಂದು ಹೋಗಿ ಅಂತ ಕರೆದೆ. ಬರಲಿಲ್ಲ. ಅಂಗಡಿಯಲ್ಲಿ ಅಣ್ಣನ ಪಕ್ಕ ಕೂತು ಪೊಟ್ಟಣ ಕಟ್ಟತೊಡಗಿದರು. ಹಿತ್ತಲಿನ ಮಡಿ ಮಾತ್ರ ಹಾಗೇ ಉಳಿಸಿದರು. ಕೊಯ್ದದ್ದೆಲ್ಲ ಬೀದಿಗೆ. ಆದರೆ ಈಗ ಸೊಪ್ಪು ಕೈಗೆ ಕೊಡುವ ಮೊದಲು ಒಂದು ಪ್ರಶ್ನೆ: "ಮನೇಲಿ ಯಾರಾದ್ರೂ ರಕ್ತ ತೆಳು ಮಾಡೋ ಮಾತ್ರೆ ತಗೋತಾರಾ?" ಹೋಟೆಲಿನವನ ಹೆಂಡತಿ ಒಮ್ಮೆ, "ಒಂದು ಹಿಡಿ ದಂಟಿಗೆ ಪೊಲೀಸ್ ಸ್ಟೇಷನ್ ವಿಚಾರಣೆ" ಎಂದು ಗೊಣಗಿದಳು. ಅವಳ ಮಾವನಿಗೆ ಹೃದಯದ ಮಾತ್ರೆ ಇದೆ ಅಂತ ಗೊತ್ತಾದ ಮೇಲೆ, ಅದು ಆ ಜಾತಿಯ ಮಾತ್ರೆ ಅಲ್ಲ ಎಂದು ಡಾಕ್ಟರಿಂದ ಕೇಳಿಸಿಕೊಂಡು ಬರುವ ತನಕ ಟೀಚರಮ್ಮ ಅವಳಿಗೆ ಒಂದು ಎಲೆ ಕೊಡಲಿಲ್ಲ.

ಸೊಪ್ಪು ಹೋದ ಜಾಗಕ್ಕೆ ಬೇರೆ ಬಣ್ಣ ಹುಡುಕಲು ಹೊರಟರು. ಈ ಸಲ ಪ್ರತಿಯೊಂದನ್ನೂ ಹಾಸನದಲ್ಲಿ ಕೇಳಿಕೊಂಡೇ. ನಾನೂ ಒಂದು ಸಲ ಜೊತೆಗೆ ಹೋಗಿದ್ದೆ. ನೆಲ್ಲಿಕಾಯಿ ಆಗುತ್ತಾ? ದಿನಕ್ಕೊಂದು ಆಗುತ್ತೆ. ಟೊಮೆಟೊ? ಆಗುತ್ತೆ. ಪರಂಗಿ? ನೇರಳೆ? ರಾಗಿ? ಆಗುತ್ತೆ. ಅರಿಶಿನ? ಅಡುಗೆಗೆ ಹಾಕೋವಷ್ಟೇ, ಚಮಚಗಟ್ಟಲೆ ನುಂಗಬೇಡಿ. ದಾಳಿಂಬೆ ರಸ? ಕುಡಿಯೋಕೆ ಶುರು ಮಾಡೋ ಮೊದಲು ನನಗೆ ಹೇಳಿ. ಕರಿಬೇವು?

"ಟೀಚರ್, ನೀವು ಒಂದೊಂದೇ ಕೇಳ್ತಾ ಹೋದ್ರೆ ಹೊರಗೆ ಕೂತಿರೋ ಪೇಷೆಂಟ್ಸ್ ಎಲ್ಲ ವಾಸಿಯಾಗಿ ಮನೆಗೆ ಹೋಗ್ಬಿಡ್ತಾರೆ" ಅಂದರು ಡಾಕ್ಟರಮ್ಮ.

"ಹೋಗಲಿ ಬಿಡಿ, ಒಳ್ಳೇದೇ ಆಯ್ತಲ್ಲ. ಕರಿಬೇವು?"

ಒಗ್ಗರಣೆಗೆ ಎರಡೆಲೆ ಆಗುತ್ತೆ ಅಂದರು. ಹೀಗೇ ವರ್ಷಗಳು ಕಳೆದವು. ಅಣ್ಣಯ್ಯನ ರಕ್ತ ಮತ್ತೆ ದಾರಿ ತಪ್ಪಲಿಲ್ಲ. ಮನೆಯಲ್ಲಿ ಟಿಕ್ ಟಿಕ್ ನಡೆಯುತ್ತಲೇ ಇತ್ತು.

ಈ ಚಳಿಗಾಲದಲ್ಲಿ ಟೀಚರಮ್ಮನಿಗೆ ಜ್ವರ ಬಂತು, ಎದೆಗಿಳಿಯಿತು. ಆಸ್ಪತ್ರೆಯಲ್ಲಿ ನಾನು ನೋಡಲು ಹೋದಾಗ ಮೂಗಿಗೆ ನಳಿಕೆ ಹಾಕಿದ್ದರು. ಹತ್ತಿರ ಬಗ್ಗಿದೆ. "ಅಕ್ಕ, ನಾನು ಹೋದ್ರೆ ನೆಂಟರು ಬರ್ತಾರೆ. ಪ್ರೀತಿಯಿಂದ ಏನಾದ್ರೂ ಮಾಡಿ ಬಡಿಸ್ತಾರೆ. ಅಣ್ಣ ಬೇಡ ಅನ್ನಲ್ಲ. ನೀವು ನೋಡ್ಕೊಳ್ಳಿ." ಅಷ್ಟು ಹೇಳಲು ನಾಲ್ಕು ಸಲ ಉಸಿರು ಎಳೆದುಕೊಂಡರು. "ಆಯ್ತು, ಈಗ ಸುಮ್ನಿರಿ" ಅಂದೆ. ಅದೇ ಕೊನೆ.

ನೆಂಟರು ಬಂದರು. ಸೋದರತ್ತೆಯ ಮಗಳು ಒಬ್ಬಾಕೆ ಅಡುಗೆ ವಹಿಸಿಕೊಂಡಳು. ಒಂದು ಸಂಜೆ, ಇನ್ನೂ ಬೆಳಕಿತ್ತು, ನಾನು ಹಾಲು ಕೊಡಲು ಒಳಗೆ ಹೋದೆ. ಅಣ್ಣಯ್ಯ ಊಟಕ್ಕೆ ಕೂತಿದ್ದರು. ತಟ್ಟೆಯಲ್ಲಿ ಅರ್ಧ ಭಾಗ ಹೊನಗೊನ್ನೆ ಪಲ್ಯ. ಅವರ ಕೈ ಅನ್ನದ ಮೇಲಿತ್ತು.

ನಾನು ಹಾಲಿನ ಚೊಂಬು ನೆಲಕ್ಕಿಟ್ಟು ತಟ್ಟೆ ಎತ್ತಿಕೊಂಡೆ.

"ಅಯ್ಯೋ ಇದೇನ್ರೀ ಇದು, ಊಟ ಮಾಡೋರ ಮುಂದಿಂದ..." ಆಕೆಗೆ ಸಿಟ್ಟು ಬಂತು. "ಅಕ್ಕನಿಗೆ ಇಷ್ಟ ಅಂತ ಅವಳ ಮಡಿಯಿಂದಲೇ ಕಿತ್ತು ಮಾಡಿದೀನಿ. ಊರಿಗೆಲ್ಲ ಸೊಪ್ಪು ತಿನ್ನಿ ಅಂತಿದ್ದೋಳು ಅವಳೇ ಅಲ್ವಾ? ಅವಳ ಹೆಸರಲ್ಲಿ ಒಂದು ತುತ್ತು ತಿಂದ್ರೆ ಏನಾಗುತ್ತೆ?"

"ಒಂದು ತುತ್ತಲ್ಲ, ನೀನು ಹಾಕಿರೋದು ಅರ್ಧ ತಟ್ಟೆ. ನಾಳೆನೂ ಹಾಕ್ತೀಯ, ನಾಡಿದ್ದೂ ಹಾಕ್ತೀಯ. ಇದೇ ಸೊಪ್ಪು ತಿಂದು ಇವ್ರು ಒಂದು ಸಲ ಬಾಯಿ ಸೊಟ್ಟ ಮಾಡ್ಕೊಂಡು ನನ್ನ ಮುಂದೆ ಬಿದ್ದವ್ರೆ. ಅವತ್ತಿಂದ ಆಯಮ್ಮ ತಾನೂ ಒಂದೆಲೆ ಬಾಯಿಗಿಟ್ಟಿಲ್ಲ. ಗೊತ್ತಾ?"

ಆಕೆಗೆ ಗೊತ್ತಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು, ಬೇರೆ ತಟ್ಟೆ ತಂದಳು. ಅನ್ನ, ತೊವ್ವೆ, ಟೊಮೆಟೊ ಗೊಜ್ಜು. ನಾನು ಅಣ್ಣಯ್ಯನ ಕಡೆ ತಿರುಗಿದೆ.

"ನಿಮ್ಗಾದ್ರೂ ಬಾಯಿ ಇರ್ಲಿಲ್ವ? ಬೇಡ ಅನ್ನೋಕೆ ಏನು?"

"ತಂಗಿಗೆ ಇಷ್ಟ ಅಂತ ಇವಳು ಅಂದಳಲ್ಲ, ಅದಕ್ಕೆ" ಅಂದರು. ತಟ್ಟೆ ಹತ್ತಿರ ಎಳೆದುಕೊಂಡರು. "ನಿಜ ಹೇಳ್ಬೇಕು ಅಂದ್ರೆ ನಂಗೆ ಸೊಪ್ಪು ಹುಟ್ಟಿದಾಗಿಂದ ಸೇರಲ್ಲ ಕಣಮ್ಮ. ಆ ವಾಸನೆಗೇ ಆಗಲ್ಲ. ಚಿಕ್ಕೋರಿದ್ದಾಗ ಅಮ್ಮ ಬೈತಾಳೆ ಅಂತ ನನ್ನ ತಟ್ಟೇದನ್ನ ಅವಳು ಮೆಲ್ಲಗೆ ಎಳ್ಕೊಂಡು ತಿಂದುಬಿಡೋಳು."

ನನಗೆ ತಲೆ ಕೆಟ್ಟಿತು. "ಹಂಗಾದ್ರೆ ಆಪರೇಷನ್ ಆದ ವರ್ಷ ಎರಡು ಹೊತ್ತೂ ಯಾಕೆ ತಿಂದ್ರಿ? ನಿಮ್ಗೆ ಸೇರಲ್ಲ ಅಂತ ಗೊತ್ತಿದ್ದೂ ಅವ್ರು ಯಾಕೆ ಹಾಕಿದ್ರು?"

"ಹೆದರಿದ್ದಳು. ನಾನು ಉಳಿಯಲ್ಲ ಅಂತ ಅವಳಿಗೆ ಭಯ. ಕೈಯಲ್ಲಿ ಬೇರೆ ಏನಿತ್ತು ಅವಳಿಗೆ? ಸೊಪ್ಪೊಂದಿತ್ತು. ಬಡಿಸಿ ಎದುರಿಗೆ ಕೂತ್ಕೊಂಡು ನೋಡ್ತಿದ್ದಳು. ತಿಂದ್ರೆ ಅವಳ ಮುಖ ಸ್ವಲ್ಪ ಗೆಲುವಾಗ್ತಿತ್ತು. ಅದಕ್ಕೇ ತಿಂದೆ."

"ಆಮೇಲೆ ನೀವು ಬಿಟ್ರಿ, ನಿಮ್ಗೆ ಸುಖವೇ ಆಯ್ತು. ಅವ್ರು ಯಾಕೆ ಬಿಡ್ಬೇಕಾಗಿತ್ತು?"

ಅಣ್ಣಯ್ಯ ತುತ್ತು ಕಲಸುತ್ತಿದ್ದ ಕೈ ನಿಲ್ಲಿಸಿದರು.

"ನಾನೂ ಕೇಳಿದ್ದೆ. ನೀನು ತಿನ್ನು, ನಿಂಗೆ ಪ್ರಾಣ ಅಲ್ವಾ ಅಂದೆ. 'ಸೇರದೆ ಇದ್ರೂ ನೀನು ಅಷ್ಟು ದಿನ ನನಗೋಸ್ಕರ ತಿಂದೆಯಲ್ಲ ಅಣ್ಣ, ಸೇರಿದ್ರೂ ನಾನು ಒಂದಿಷ್ಟು ದಿನ ಬಿಡ್ತೀನಿ' ಅಂದಳು. ಎಷ್ಟು ದಿನ ಅಂತ ನಾನು ಕೇಳಲಿಲ್ಲ."

ಹೊರಗೆ ಬೆಳಕು ಇಳಿಯುತ್ತಿತ್ತು. "ಹೊತ್ತು ಮುಳುಗುತ್ತೆ, ಉಣ್ಣಿ" ಅಂದೆ. ಅವರು ಉಂಡು ಮುಗಿಸಿ ಮಾತ್ರೆ ನುಂಗುವ ತನಕ ನಾನು ಅಲ್ಲೇ ನಿಂತಿದ್ದೆ.